ಭಾನುವಾರದಂದು ಶುಕ್ರವಾರದ ಪಾಠ

ಪ್ರಶ್ನೆ: ಚೀನಾದ ಶಾಲೆಗಳಲ್ಲಿ ಪಾಠ ಹೇಳಲು ಹೋದ ವಿದೇಶಿ ಮೇಷ್ಟ್ರುಗಳು ಕೆಲವು ಭಾನುವಾರವೂ ತರಗತಿಗೆ ಹೋಗಬೇಕಂತೆ. ಯಾಕೆ?

ಉತ್ತರ: ಅದು ಹಬ್ಬದ ರಜೆಯ ಬಾಕಿ. ಅಲ್ಲಿನ ಕೇಂದ್ರ ಸರ್ಕಾರವೇ ಪ್ರತಿವರ್ಷ ರಜಾಪಟ್ಟಿ ಹೊರಡಿಸುತ್ತದೆ. ಜನ ದೂರದ ಊರುಗಳಿಗೆ ಹೋಗಿಬರಲೆಂದು ದೊಡ್ಡ ಹಬ್ಬಗಳಿಗೆ ರಜೆಯನ್ನು ಸಾಲಾಗಿ ಜೋಡಿಸುತ್ತಾರೆ. ಇರುವ ದಿನಗಳು ಅದಕ್ಕೆ ಸಾಕಾಗುವುದಿಲ್ಲ. ಆಗ ಅಕ್ಕಪಕ್ಕದ ಶನಿವಾರ, ಭಾನುವಾರಗಳಿಗೆ ಕೈಹಾಕುತ್ತಾರೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕೈಗಡ ತಂದ ಹಾಗೆ. ತಂದಷ್ಟನ್ನು ಅಳೆದು ಹಿಂದಿರುಗಿಸಬೇಕು.

2024ರ ರಾಷ್ಟ್ರದಿನವನ್ನೇ ನೋಡಿ. ಕಾನೂನಿನ ಪ್ರಕಾರ ರಜೆ ಅಕ್ಟೋಬರ್ 1ರಿಂದ 3, ಮಂಗಳವಾರದಿಂದ ಗುರುವಾರ. 5 ಮತ್ತು 6 ಹೇಗೂ ವಾರಾಂತ್ಯ. ನಡುವಿನ ಶುಕ್ರವಾರ, ಆಚೆಯ ಸೋಮವಾರ ಸೇರಿಸಿದರು, 7 ದಿನದ ಬಿಡುವಾಯಿತು. ಬದಲಿಗೆ ಸೆಪ್ಟೆಂಬರ್ 29ರ ಭಾನುವಾರ, ಅಕ್ಟೋಬರ್ 12ರ ಶನಿವಾರ ಕೆಲಸ! ಅಂಥ ದಿನ ಶಾಲೆಯಲ್ಲಿ ಶುಕ್ರವಾರದ್ದೋ ಸೋಮವಾರದ್ದೋ ವೇಳಾಪಟ್ಟಿ ನಡೆಯುತ್ತದೆ. ಸುತ್ತೋಲೆ ಚೀನೀ ಭಾಷೆಯಲ್ಲಿ ಬಂದರೆ ಹೊಸ ಮೇಷ್ಟ್ರ ಪಾಡು ಕೇಳಬೇಡಿ. ಈ ಲೆಕ್ಕಾಚಾರದ ಬಗ್ಗೆ ಚೀನೀಯರೇ ಸಾಕಷ್ಟು ಗೊಣಗುತ್ತಾರೆ, ಅದು ನ್ಯಾಯವೂ ಹೌದು. 2025ರಿಂದ ವಸಂತ ಹಬ್ಬಕ್ಕೊಂದು, ಮೇ ದಿನಕ್ಕೊಂದು ರಜೆ ಹೆಚ್ಚಿಸಿದ್ದಾರೆ. ಬದಲಿ ಕೆಲಸದ ಭಾನುವಾರಗಳು ಮಾತ್ರ ಪೂರ್ತಿ ನಿಂತಿಲ್ಲ.