ಟಬ್ಬಿಗೆ ಎಷ್ಟು ಹಂಡೆ ನೀರು?

ಮೈಸೂರಿನ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶಕ್ಕೆ ಹೋದರೆ ಮಹಡಿಯ ಬಚ್ಚಲುಮನೆಯನ್ನು ತಪ್ಪದೆ ತೋರಿಸುತ್ತಾರೆ. ಬೆಳ್ಳಗೆ ಹೊಳೆಯುವ ಟಬ್, ಅದರ ಮೇಲ್ಗಡೆ ಗೋಡೆಗೆ 25 ಲೀಟರಿನ ಗೀಸರ್. ವರ್ಷದ ಮೇಲೆ ಅದೇ ಮನೆಗೆ ಹೋಗಿ ನೋಡಿ, ಟಬ್ಬಿನ ತುಂಬ ಒಗೆಯುವ ಬಟ್ಟೆ, ಬಕೆಟ್ಟು, ಪೊರಕೆ. ಆ ಗೀಸರಿಗೂ ಆ ಟಬ್ಬಿಗೂ ಜಾತಕ ಕೂಡುವುದಿಲ್ಲ ಅಂತ ಮಾರಿದವರು ಹೇಳಲಿಲ್ಲ, ಕೊಂಡವರು ಕೇಳಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ನಲ್ಲಿಯ ನೀರು 24 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ಕೂತರೆ ಹಿತವಾಗುವುದು 38–39 ಡಿಗ್ರಿ. ಗೀಸರಿನ 60 ಡಿಗ್ರಿಯ 25 ಲೀಟರಿಗೆ ತಣ್ಣೀರು ಬೆರೆಸಿ ಹದ ಮಾಡಿದರೆ ಸಿಗುವುದು 60 ಲೀಟರ್. ಒಬ್ಬರು ಕಾಲು ಚಾಚಿ ಕೂರುವ ಟಬ್ಬಿಗೆ ಬೇಕಾದದ್ದು 200ರಿಂದ 300 ಲೀಟರ್. ಎರಡನೇ ಸಲ ಗೀಸರ್ ಕಾಯುವಷ್ಟರಲ್ಲಿ ಮೊದಲು ಬಿಟ್ಟ ನೀರು ಆರಿರುತ್ತದೆ.

ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು, ಹಿಂಡಲಕಾಯಿ ಬಳ್ಳಿ ಸುತ್ತಿ, ನೀರು ತುಂಬಿಡುತ್ತಿದ್ದ ಅಜ್ಜಿಯರಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಮಾರನೆಯ ಬೆಳಗ್ಗೆ ಎಣ್ಣೆಸ್ನಾನಕ್ಕೆ ಕೂರುವ ತಲೆ ಎಷ್ಟು, ಹಂಡೆ ಎಷ್ಟು ದೊಡ್ಡದು, ಒಲೆಗೆ ಸೌದೆ ಎಷ್ಟು, ಎಲ್ಲ ಮೊದಲೇ ಗೊತ್ತು. ಟಬ್ ಕೊಳ್ಳುವವರೂ ಅಲ್ಲಿಂದಲೇ ಶುರು ಮಾಡಬೇಕು. ಮೊದಲು ನೀರು, ಆಮೇಲೆ ಉರಿ, ಆಮೇಲೆ ನೆಲ. ಟಬ್ಬಿನ ಬಣ್ಣ ಕೊನೆಗೆ.

ಅಂಗಡಿಯಲ್ಲಿ ‘ಜಕೂಜಿ’ ಅಂತ ಒಂದೇ ಹೆಸರಿನಲ್ಲಿ ಎರಡು ಬೇರೆಬೇರೆ ವಸ್ತು ತೋರಿಸುತ್ತಾರೆ. ಅದು ಅಸಲಿಗೆ ಒಂದು ಮನೆತನದ ಹೆಸರು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಗಿ ನೀರೆತ್ತುವ ಪಂಪ್ ಮಾಡುತ್ತಿದ್ದ ಜಕೂಜಿ ಸೋದರರಲ್ಲಿ ಒಬ್ಬರಾದ ಕ್ಯಾಂಡಿಡೊ, ಸಂಧಿವಾತದಿಂದ ನರಳುತ್ತಿದ್ದ ಮಗನಿಗಾಗಿ ಟಬ್ಬಿನೊಳಗೆ ಇಳಿಬಿಡುವ ಪಂಪ್ ಒಂದನ್ನು ರೂಪಿಸಿದರು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಪಂಪನ್ನು ಟಬ್ಬಿನ ಒಡಲಲ್ಲೇ ಕೂರಿಸಿದ್ದು 1968ರಲ್ಲಿ, ಅದೇ ಮನೆತನದ ರಾಯ್ ಜಕೂಜಿ.

ಮೊದಲನೆಯ ಬಗೆ ಬಚ್ಚಲುಮನೆಯ ಟಬ್. ಪಕ್ಕದಿಂದ ನೀರು ಚಿಮ್ಮಬಹುದು, ಚಿಮ್ಮದೆಯೂ ಇರಬಹುದು. ಪ್ರತಿ ಸಲ ತುಂಬಬೇಕು, ಪ್ರತಿ ಸಲ ಚೆಲ್ಲಬೇಕು. ಎರಡನೆಯದು ಅಂಗಳದಲ್ಲೋ ತಾರಸಿಯಲ್ಲೋ ಇಡುವ ಹಾಟ್ ಟಬ್. ನಾಲ್ಕೈದು ಜನ ಕೂರುವ, 800ರಿಂದ 1500 ಲೀಟರ್ ಹಿಡಿಯುವ ತೊಟ್ಟಿ. ಇದಕ್ಕೆ ತನ್ನದೇ ಹೀಟರ್, ತನ್ನದೇ ಫಿಲ್ಟರ್ ಉಂಟು. ಅದೇ ನೀರು ಶುದ್ಧವಾಗುತ್ತ ಸುತ್ತುತ್ತಿರುತ್ತದೆ.

ಯಾವುದು ಹೆಚ್ಚು ನೀರು ಕುಡಿಯುತ್ತದೆ? ದೊಡ್ಡದೇ ಅಂತ ನಾನೂ ಅಂದುಕೊಂಡಿದ್ದೆ. 300 ಲೀಟರಿನ ಟಬ್ಬನ್ನು ವಾರಕ್ಕೆ ಎರಡು ಸಲ ತುಂಬಿದರೆ ಮೂರು ತಿಂಗಳಿಗೆ 7,800 ಲೀಟರ್ ಮೋರಿಗೆ ಹೋಗುತ್ತದೆ. ಸಾವಿರ ಲೀಟರಿನ ಹಾಟ್ ಟಬ್ಬನ್ನು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಖಾಲಿ ಮಾಡಿದರೆ ಸಾಕು. ಆವಿಯಾದದ್ದನ್ನು, ತುಳುಕಿದ್ದನ್ನು ಸೇರಿಸಿದರೂ ಇದೇ ಮಿತವ್ಯಯಿ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಮನೆಗೆ ಮಾತ್ರ ಎರಡೂ ಬೇಡ ಎನ್ನುವುದು ನನ್ನ ಮತ.

ನೀರಿನ ಪ್ರಮಾಣದಷ್ಟೇ ಅದರ ಗುಣವೂ ಮುಖ್ಯ. ಕಾವೇರಿ, ಕಬಿನಿ ನೀರು ಬರುವ ಮನೆಗೆ ಚಿಂತೆ ಕಡಿಮೆ. ಬೋರ್‌ವೆಲ್ಲನ್ನೇ ನಂಬಿದ ಮನೆಯಾದರೆ ನೀರಿನ ಗಡಸುತನ ಪರೀಕ್ಷೆ ಮಾಡಿಸಿ. ಗಡಸು ನೀರು ಕಾದಾಗ ಸುಣ್ಣದ ಪೊರೆ ಹೀಟರಿನ ಕಾಯಿಲ್ ಮೇಲೆ ಕೂರುತ್ತದೆ, ನೀರು ಚಿಮ್ಮುವ ಸಣ್ಣ ರಂಧ್ರಗಳನ್ನೂ ಕಟ್ಟುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಕಲೆ ನಿಲ್ಲುತ್ತಿದ್ದರೆ ಉತ್ತರ ಅರ್ಧ ಸಿಕ್ಕಂತೆಯೇ.

ಇನ್ನು ಉರಿ. ಒಂದು ಯೂನಿಟ್ ವಿದ್ಯುತ್ 860 ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸುತ್ತದೆ. ಸಾವಿರ ಲೀಟರನ್ನು 24ರಿಂದ 39ಕ್ಕೆ ಏರಿಸಲು ಹದಿನೇಳೂವರೆ ಯೂನಿಟ್ ಬೇಕು. 3 ಕಿಲೊವಾಟ್ ಹೀಟರ್ ಸುಮಾರು ಆರು ಗಂಟೆ ಉರಿಯಬೇಕು. ವಾರಕ್ಕೊಮ್ಮೆ ಕಾಯಿಸಿದರೂ ತಿಂಗಳಿಗೆ 70 ಯೂನಿಟ್, ಪಂಪಿನ ಖರ್ಚು ಬೇರೆ. ಗೃಹಜ್ಯೋತಿಯಲ್ಲಿರುವವರು ಇಲ್ಲಿ ಎಚ್ಚರ ವಹಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿತೋ, ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮಂಜೂರಾದ ಲೋಡ್ ಎಷ್ಟೆಂದು ಸೆಸ್ಕ್ ಬಿಲ್ಲಿನಲ್ಲೇ ಇರುತ್ತದೆ. ಅದು 2 ಅಥವಾ 3 ಕಿಲೊವಾಟ್ ಇದ್ದರೆ ಟಬ್ ತರುವ ಮೊದಲೇ ಹೆಚ್ಚಿಸಿಕೊಳ್ಳಿ.

ಬಿಸಿ ಹೋಗುವುದು ಹೆಚ್ಚಾಗಿ ಮೇಲಿನಿಂದ, ಆವಿಯಾಗಿ. ಒಂದೇ ಒಂದು ಲೀಟರ್ ಆವಿಯಾದರೆ ಸಾವಿರ ಲೀಟರ್ ನೀರು ಅರ್ಧ ಡಿಗ್ರಿಗಿಂತ ಹೆಚ್ಚು ಆರುತ್ತದೆ. ಹಾಗಾಗಿ ದಪ್ಪನೆಯ, ಬಿಗಿಯಾಗಿ ಕೂರುವ ಮುಚ್ಚಳ ಅಲಂಕಾರದ ವಸ್ತುವಲ್ಲ. ಮುಚ್ಚಳಕ್ಕೆ ಬೇರೆ ದುಡ್ಡು ಅಂದರೆ ಕೊಟ್ಟುಬಿಡಿ, ಬಣ್ಣದ ದೀಪಗಳನ್ನು ಬಿಡಿ. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬೀಗವೂ ಇರಲಿ. ದಿನವೂ ಬಳಸುವವರು ಹೀಟ್ ಪಂಪ್ ಬಗ್ಗೆ ವಿಚಾರಿಸಿ. ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುವ ಈ ಯಂತ್ರ ಮೈಸೂರಿನ ಹವೆಗೆ ಚೆನ್ನಾಗಿ ಒಗ್ಗುತ್ತದೆ. ಮೂರು ಯೂನಿಟ್ಟಿನ ಕೆಲಸವನ್ನು ಹೆಚ್ಚುಕಡಿಮೆ ಒಂದು ಯೂನಿಟ್ಟಿನಲ್ಲಿ ಮುಗಿಸುತ್ತದೆ.

ಬಚ್ಚಲ ಟಬ್ಬಿಗೆ ಸೋಲಾರ್ ಸಾಕು. 30–40ರ ಅಥವಾ ಅದಕ್ಕೂ ದೊಡ್ಡ ನಿವೇಶನದಲ್ಲಿ 600 ಚದರಡಿ ಮೇಲ್ಪಟ್ಟು ಹೊಸ ಮನೆ ಕಟ್ಟುವವರಿಗೆ ಕರ್ನಾಟಕದ ನಗರಗಳಲ್ಲಿ ಸೋಲಾರ್ ವಾಟರ್ ಹೀಟರನ್ನು 2007ರಲ್ಲೇ ಕಡ್ಡಾಯ ಮಾಡಲಾಯಿತು. ಹೇಗೂ ಇರುವುದನ್ನು ದುಡಿಸಿಕೊಳ್ಳಿ. 300 ಲೀಟರಿನ ಟಬ್ಬಿಗೆ 60 ಡಿಗ್ರಿಯ ಬಿಸಿನೀರು 125 ಲೀಟರ್ ಸಾಕು. 200 ಲೀಟರಿನ ಸೋಲಾರ್ ಇದ್ದರೆ ಮನೆಯ ಉಳಿದವರಿಗೆ 75 ಲೀಟರ್ ಮಿಗುತ್ತದೆ. ಆಷಾಢದ ಮೋಡದ ದಿನಗಳಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ, ಆಗ ಬಕೆಟ್ಟೇ ಗತಿ.

ನೆಲದ ವಿಷಯದಲ್ಲಿ ಮಾತ್ರ ಅಂದಾಜು ಸಲ್ಲದು. ಒಂದು ಲೀಟರ್ ನೀರೆಂದರೆ ಒಂದು ಕಿಲೊ. ಸಾವಿರ ಲೀಟರ್ ನೀರು, ಟಬ್ಬಿನದೇ ತೂಕ 200–300 ಕಿಲೊ, ನಾಲ್ಕು ಜನ. ಒಟ್ಟು ಒಂದೂವರೆ ಟನ್ ನಾಲ್ಕು ಚದರ ಮೀಟರಿನ ಮೇಲೆ ಕೂರುತ್ತದೆ. ಅಂದರೆ ಚದರ ಮೀಟರಿಗೆ ಸುಮಾರು 375 ಕಿಲೊ. ಐಎಸ್ 875 ಮಾನಕದ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಹಿಡಿಯುವ ಭಾರ ಸುಮಾರು 200 ಕಿಲೊ, ಜನ ಓಡಾಡುವ ತಾರಸಿಗೆ 150. ಹಳೆಯ ಮದ್ರಾಸ್ ತಾರಸಿಯ ಮನೆಯಾದರಂತೂ ಆ ಆಸೆಯನ್ನೇ ಬಿಡಿ. ಆರ್‌ಸಿಸಿ ಮನೆಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆ ನೋಡಿ ಬರೆದುಕೊಡಬೇಕು. ಮೇಸ್ತ್ರಿಯ “ಏನೂ ಆಗಲ್ಲ ಸಾರ್” ಸಾಲದು. ಗಟ್ಟಿ ಕಾಂಕ್ರೀಟ್ ಹಾಸಿದ ಅಂಗಳವೇ ಎಲ್ಲಕ್ಕಿಂತ ಕ್ಷೇಮ.

ನೀರು, ಕರೆಂಟು ಒಂದೇ ಕಡೆ ಇರುವುದರಿಂದ ಟಬ್ಬಿಗೆ ಪ್ರತ್ಯೇಕ ಲೈನ್, ಒಳ್ಳೆಯ ಅರ್ಥಿಂಗ್, ಕರೆಂಟು ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಅಮೆರಿಕದಿಂದ ತರಿಸುವವರು 230 ವೋಲ್ಟ್, 50 ಹರ್ಟ್ಸ್‌ಗೆ ಮಾಡಿದ ಮಾದರಿಯೇ ಎಂದು ಖಚಿತ ಮಾಡಿಕೊಳ್ಳಿ.

ಹಾಟ್ ಟಬ್ ಸ್ನಾನದ ಮನೆಯಲ್ಲ, ಇದನ್ನು ಮನೆಯವರಿಗೆಲ್ಲ ಹೇಳಿಡಬೇಕು. ಎಣ್ಣೆ ಹಚ್ಚಿಕೊಂಡು ಇಳಿದರೆ ಫಿಲ್ಟರ್ ಅಲ್ಲಿಗೆ ಮುಗಿಯಿತು. ಸೀಗೆಪುಡಿ, ಕಡಲೆಹಿಟ್ಟು ಪೈಪಿನೊಳಗೆ ಗಸಿಯಾಗುತ್ತದೆ. ದೀಪಾವಳಿಯ ಎಣ್ಣೆಸ್ನಾನ ಹಂಡೆಯ ನೀರಿನಲ್ಲೇ ಆಗಲಿ, ಮೈ ತೊಳೆದ ಮೇಲೆ ಟಬ್. ಬೆಚ್ಚನೆಯ ನೀರು ಸೂಕ್ಷ್ಮಾಣುಗಳಿಗೂ ಇಷ್ಟ. ಕ್ಲೋರಿನ್ ಕನಿಷ್ಠ 3 ಪಿಪಿಎಂ, ಪಿಎಚ್ 7ರಿಂದ 7.8ರ ನಡುವೆ ಇರಬೇಕು. ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿಯಲ್ಲಿ ಇದನ್ನು ನೋಡಲು ಒಂದು ನಿಮಿಷ ಸಾಕು. ಶಾಖ 40 ಡಿಗ್ರಿ ಮೀರಬಾರದು, ಒಂದು ಸಲಕ್ಕೆ 15–20 ನಿಮಿಷಕ್ಕಿಂತ ಹೆಚ್ಚು ಕೂರಬಾರದು. ಗರ್ಭಿಣಿಯರು, ಹೃದ್ರೋಗ ಇರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಡಾಕ್ಟರನ್ನು ಕೇಳದೆ ಇಳಿಯಬಾರದು.

ನನ್ನನ್ನು ಕೇಳಿದರೆ, ಇಬ್ಬರು ಮೂವರ ಮನೆಗೆ ಸೋಲಾರಿಗೆ ಜೋಡಿಸಿದ ಸಣ್ಣ ಅಕ್ರಿಲಿಕ್ ಟಬ್ ಸಾಕು. ಗಾಳಿ ತುಂಬುವ ಟಬ್ ಒಂದು ಚಳಿಗಾಲ ಆಸೆ ತೀರಿಸಿಕೊಳ್ಳಲು ಅಡ್ಡಿಯಿಲ್ಲ, ಹೆಚ್ಚು ವರ್ಷ ಬಾಳುವುದಲ್ಲ. ದೊಡ್ಡದೇ ಬೇಕೆಂದರೆ ಪಂಪಿನ ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿಯವರು ಮೈಸೂರಿನವರೋ ಬೆಂಗಳೂರಿನಿಂದ ಬರಬೇಕೋ, ಇವೆರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಟೇಪು ಹಿಡಿದು ಗೇಟು, ಬಾಗಿಲು, ಮೆಟ್ಟಿಲಿನ ತಿರುವು ಅಳೆದುಕೊಂಡು ಹೋಗಿ. ಮುಂಗಡ ಕೊಡುವ ಮೊದಲು ಚಪ್ಪಲಿ ಬಿಟ್ಟು, ಅಂಗಡಿಯಲ್ಲೇ ಖಾಲಿ ಟಬ್ಬಿಗಿಳಿದು ಕಾಲು ಚಾಚಿ ಐದು ನಿಮಿಷ ಕೂತು ನೋಡಿ. ನಾಚಿಕೆಪಡಬೇಡಿ.