ಬಳೆಚೂರುಗಳ ಬೆಡಗು

ಒಡೆದ ಬಳೆ, ಮುಕ್ಕಾದ ಪಿಂಗಾಣಿ ಬಟ್ಟಲು, ತುಕ್ಕು ಹಿಡಿದ ಸೈಕಲ್. ನಮ್ಮಲ್ಲಿ ಇವೆಲ್ಲ ಗುಜರಿಯವನ ಪಾಲು, ಇಲ್ಲವೇ ತಿಪ್ಪೆಯ ಪಾಲು. ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ ಇವನ್ನೇ ನೋಡಲು ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ!

ಅದನ್ನು ಕಟ್ಟಿದವರು ನೇಕ್ ಚಂದ್. 1924ರಲ್ಲಿ ಅವರು ಹುಟ್ಟಿದ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. ದೇಶ ಇಬ್ಭಾಗವಾದಾಗ ಮನೆ, ಹೊಲ ಬಿಟ್ಟು ಅವರ ಕುಟುಂಬ ಇತ್ತ ಬಂತು. ಮುಂದೆ ಅವರಿಗೆ ಚಂಡೀಗಢದಲ್ಲಿ ಸರ್ಕಾರಿ ರಸ್ತೆ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ಆ ಹೊಸ ನಗರಕ್ಕೆ ಜಾಗ ಮಾಡಲು ಅನೇಕ ಹಳ್ಳಿಗಳನ್ನು ಕೆಡವಿದ್ದರು. ಅಲ್ಲಿ ಉಳಿದ ಮುರುಕು ಸಾಮಾನುಗಳನ್ನು ನೇಕ್ ಚಂದ್ ಆಯತೊಡಗಿದರು. ಊರು ಕಳೆದುಕೊಂಡವರ ಕಣ್ಣು ಅತ್ತ ಹೋದದ್ದು ಸಹಜವೇ.

ಕೆಲಸ ಮುಗಿಸಿ, ಸೈಕಲ್ ಮೇಲೆ ಹೇರಿಕೊಂಡು, ಎಲ್ಲವನ್ನೂ ಸುಖನಾ ಕೆರೆಯ ಬಳಿಯ ಕಾಡಿಗೆ ಸಾಗಿಸುತ್ತಿದ್ದರು. ಅದು ಸರ್ಕಾರದ ಜಾಗ. ಯಾರೂ ಏನೂ ಕಟ್ಟುವಂತಿರಲಿಲ್ಲ. ಹಾಗಾಗಿ ಎಲ್ಲವೂ ಗುಟ್ಟು. ರಾತ್ರಿ ಬೆಳಕಿಗೆ ಹಳೆಯ ಟಯರ್ ಸುಡುತ್ತಿದ್ದರಂತೆ. (ಮಕ್ಕಳೇ, ನೀವು ಸುಡಬೇಡಿ. ಆ ಹೊಗೆ ವಿಷ.) ಕಬ್ಬಿಣದ ಸರಳಿನಿಂದ ಗೊಂಬೆಯ ಮೈಕಟ್ಟು; ಅದರ ಮೇಲೆ ಸಿಮೆಂಟು; ಸಿಮೆಂಟು ಹಸಿಯಾಗಿರುವಾಗಲೇ ಬಳೆಚೂರು, ಪಿಂಗಾಣಿ ಚೂರು ಒತ್ತಿದರೆ ಗೊಂಬೆಗೆ ಬಣ್ಣದ ಅಂಗಿ ಸಿದ್ಧ. ಹೀಗೆ ಹೆಂಗಸರು, ಗಂಡಸರು, ಕೋತಿಗಳು, ಹಕ್ಕಿಗಳು ಸಾಲುಸಾಲಾಗಿ ಎದ್ದು ನಿಂತರು.

ಸುಮಾರು 18 ವರ್ಷಗಳ ಬಳಿಕ ಗುಟ್ಟು ಬಯಲಾಯಿತು. ಅಧಿಕಾರಿಗಳು ದಂಗಾದರು. ಕಾನೂನಿನ ಪ್ರಕಾರ ಎಲ್ಲವನ್ನೂ ಕೆಡವಬೇಕಿತ್ತು. ಅಷ್ಟರಲ್ಲಿ ಸುದ್ದಿ ಹರಡಿ ನೋಡಲು ಬಂದ ಜನರೆಲ್ಲ ಗೊಂಬೆಗಳ ಪರ ನಿಂತರು. 1976ರಲ್ಲಿ ತೋಟ ಎಲ್ಲರಿಗೂ ತೆರೆಯಿತು. ನೇಕ್ ಚಂದ್‌ಗೆ ಅದೇ ಕೆಲಸಕ್ಕೆ ಸಂಬಳ, ಜೊತೆಗೆ 50 ಮಂದಿ ಕೆಲಸಗಾರರು! ಸರ್ಕಾರಿ ಕಡತಗಳಲ್ಲಿ ಇಂಥ ಪುಟ ಅಪರೂಪ. ಮುಂದೊಮ್ಮೆ ರಸ್ತೆಗಾಗಿ ಬುಲ್ಡೋಜರ್ ಬಂದಾಗಲೂ ಊರಿನವರೇ ಅಡ್ಡ ನಿಂತು ತೋಟ ಉಳಿಸಿದರು. 1984ರಲ್ಲಿ ನೇಕ್ ಚಂದ್‌ಗೆ ಪದ್ಮಶ್ರೀ ಬಂತು. 2015ರಲ್ಲಿ ಅವರು ತೀರಿಕೊಂಡರು. ತೋಟ ಈಗ ಸುಮಾರು 40 ಎಕರೆ ಹಬ್ಬಿದೆ.

ನಿಮ್ಮ ಅಜ್ಜಿ ಚಿಕ್ಕವರಿದ್ದಾಗ ಬಳೆಚೂರಿನ ಆಟ ಆಡಿದ್ದಾರೆಯೇ, ಕೇಳಿ ನೋಡಿ. ಒಂದು ಮುಷ್ಟಿ ಜೇಡಿಮಣ್ಣು ಕಲಸಿ ಹಕ್ಕಿಯೋ ಆಮೆಯೋ ಮಾಡಿ. ಚೂರು ಒತ್ತುವ ಕೆಲಸ ಅಜ್ಜನದೋ ಅಜ್ಜಿಯದೋ ಆಗಲಿ, ಅದರ ಅಂಚು ಕೈ ಕುಯ್ಯುತ್ತದೆ. ಯಾವ ಬಣ್ಣ ಎಲ್ಲಿಗೆ ಎನ್ನುವುದನ್ನು ಮಾತ್ರ ನೀವೇ ಹೇಳಬೇಕು. ಆಮೇಲೆ ಎರಡು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮಣ್ಣು ಬಿರುಕು ಬಿಡುತ್ತದೆ.