ಸುಗ್ಗಿ ಕುಣಿತ: ಒಂದು ಮಾತಿನ ಹಿನ್ನೆಲೆ

ರೇಡಿಯೋದಲ್ಲಿ ಸುಗ್ಗಿಯ ಹಾಡು ಕೇಳಿಬಂದೊಡನೆ ಪಟ್ಟಣದ ಮನೆಗಳಲ್ಲಿ ಕುಳಿತ ನಮ್ಮ ಕಣ್ಣೆದುರು ಕಣ, ರಾಶಿ, ಹೊಸ ಭತ್ತ ಸುಳಿಯುತ್ತವೆ. ಸುಗ್ಗಿಯೆಂದರೆ ಕೊಯ್ಲು, ಆದುದರಿಂದ ಸುಗ್ಗಿ ಕುಣಿತವೆಂದರೆ ಕೊಯ್ಲಿನ ಕುಣಿತ. ಹೀಗೆ ಅರ್ಥಮಾಡುವುದು ಸಹಜವೇ. ಬಯಲುಸೀಮೆಯ ಮಟ್ಟಿಗೆ ಅದು ಸರಿಯೂ ಇರಬಹುದು. ಆದರೆ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಗುಡ್ಡಗಳಿಗೆ ಹೋದರೆ ಈ ಲೆಕ್ಕ ತಪ್ಪುತ್ತದೆ.

ಆ ಸೀಮೆಯಲ್ಲಿ ಮಳೆಗಾಲದಲ್ಲಿ ನಾಟಿಯಾದ ಭತ್ತ ಡಿಸೆಂಬರ್, ಜನವರಿಯ ಹೊತ್ತಿಗೆ ಕಣ ಸೇರುತ್ತದೆ. ಸುಗ್ಗಿ ಹಬ್ಬ ನಡೆಯುವುದಾದರೋ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ. ಆಗ ಗದ್ದೆಯಲ್ಲಿ ಉಳಿದಿರುವುದು ಒಣಗಿದ ಕೂಳೆ ಮಾತ್ರ. ಕೊಯ್ಲು ಮುಗಿದು ತಿಂಗಳುಗಳು ಕಳೆದ ಮೇಲೆ ಕೊಯ್ಲಿನ ಕುಣಿತವೇಕೆ?

ಉತ್ತರ ಆ ಮಾತಿನೊಳಗೇ ಅಡಗಿದೆ. ಸುಗ್ಗಿಯೆಂಬುದಕ್ಕೆ ಕೊಯ್ಲಿನ ಕಾಲವೆಂಬ ಅರ್ಥ ಒಂದು. ವಸಂತಕಾಲವೆಂಬ ಅರ್ಥ ಮತ್ತೊಂದು. ನಮ್ಮ ಹಳೆಯ ಕವಿಗಳಿಗೆ ಸುಗ್ಗಿಯೆಂದರೆ ಮಾವು ಚಿಗುರುವ, ಕೋಗಿಲೆ ಕೂಗುವ ಕಾಲ. 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಲ್ಲಿ ಎರಡು ಅರ್ಥಗಳೂ ಉಂಟು. ಘಟ್ಟವಿಳಿದು ತುಳುನಾಡಿಗೆ ಹೋದರೆ ಸುಗ್ಗಿಯೆಂಬುದು ಒಂದು ತಿಂಗಳ ಹೆಸರೇ ಆಗಿದೆ; ಅದು ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಬರುವ ವರ್ಷದ ಕಡೆಯ ತಿಂಗಳು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಬಣ್ಣದ ತುರಾಯಿ ಕಟ್ಟಿ ಸುಗ್ಗಿ ಕುಣಿಯುವುದೂ ಹೋಳಿ ಹುಣ್ಣಿಮೆಯ ಸುತ್ತಿನಲ್ಲಿಯೇ.

ಹೀಗಾಗಿ ಮಲೆನಾಡಿನ ಸುಗ್ಗಿ, ಮುಗಿದ ಬೆಳೆಗಿಂತ ಹೆಚ್ಚಾಗಿ ಬರಲಿರುವ ವರ್ಷದ ಕಡೆಗೆ ಮುಖಮಾಡಿದ ಹಬ್ಬ. ಮೊದಲ ಮಳೆ ಹನಿದು ಕಾಫಿ ಗಿಡಗಳು ಬೆಳ್ಳಗೆ ಹೂವಾಗುವ ದಿನಗಳಲ್ಲಿ, ಗಂಡಸರು ಊರದೇವರ ಮುಂದೆ ಸುತ್ತುಕಟ್ಟಿ ಕುಣಿಯುತ್ತಾರೆ. ಸುಗ್ಗಿ ಸಾರಿದ ಮೇಲೆ ಹಬ್ಬ ಮುಗಿಯುವವರೆಗೆ ಹಸಿ ಮರ ಕಡಿಯಬಾರದೆಂಬ ಕಟ್ಟಳೆ ಕೆಲವು ಊರುಗಳಲ್ಲಿ ಉಂಟು. ಚಿಗುರುವ ಕಾಲಕ್ಕೆ ಇದು ತಕ್ಕ ನಿಯಮವಲ್ಲವೆ?

ಇದು ಬರಿಯ ನಿಘಂಟಿನ ಚರ್ಚೆಯಲ್ಲ. ಆನೆಗಳ ಹಾವಳಿಯಿಂದಲೂ ಆಳುಗಳ ಅಭಾವದಿಂದಲೂ ಈ ಗುಡ್ಡಗಳ ಎಷ್ಟೋ ಗದ್ದೆಗಳು ಇಂದು ಪಾಳುಬಿದ್ದಿವೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಸುಗ್ಗಿಯೆಂದರೆ ಭತ್ತದ ಕೊಯ್ಲು ಮಾತ್ರವಾಗಿದ್ದರೆ, ಗದ್ದೆಯೊಡನೆ ಕುಣಿತವೂ ಅರ್ಥ ಕಳೆದುಕೊಳ್ಳಬೇಕಾಗಿತ್ತು. ಅದು ವಸಂತದ ಹೆಸರಾದುದರಿಂದ, ಗದ್ದೆ ಬಿಟ್ಟವನಿಗೂ ಊರಿಗೆ ಮರಳಿ ಹೆಜ್ಜೆ ಹಾಕಲು ಕಾರಣವಿದೆ. ಆದರೆ ವೇದಿಕೆಯ ಮೇಲೆ ಯಾವ ತಿಂಗಳಲ್ಲಾದರೂ ಹತ್ತು ನಿಮಿಷ ಕುಣಿಸಿ "ಕೊಯ್ಲಿನ ನೃತ್ಯ" ಎಂದು ಹೆಸರಿಟ್ಟರೆ, ಹೆಜ್ಜೆ ಉಳಿದೀತು, ಕಾಲ ಹೋದೀತು. ಕಾಲವೇ ಈ ಕುಣಿತದ ಜೀವ.

ಮುಂದೆ ಸುಗ್ಗಿಯ ಹಾಡು ಕಿವಿಗೆ ಬಿದ್ದಾಗ ರಾಶಿಯ ಜೊತೆಗೆ ಚಿಗುರನ್ನೂ ನೆನೆಯೋಣ.